ದಾದರ್: ಒಂದೇ ಹೆಸರಿನ ಎರಡು ನಿಲ್ದಾಣಗಳು

ಬೊರಿವಲಿಯಲ್ಲಿ ಮನೆ ಮಾಡಿಕೊಂಡಿರುವವರು ಡೊಂಬಿವಲಿಯಲ್ಲಿರುವ ಅಕ್ಕನ ಮನೆಗೆ ಲೋಕಲ್ ರೈಲಿನಲ್ಲಿ ಹೊರಟರೆ ಮೊದಲು ದಕ್ಷಿಣಕ್ಕೆ ಬರಬೇಕು. ದಾದರಿನಲ್ಲಿ ಇಳಿಯಬೇಕು, ಮೆಟ್ಟಿಲು ಹತ್ತಿ ಸೇತುವೆ ದಾಟಿ ಆ ಕಡೆ ಇಳಿಯಬೇಕು, ಮತ್ತೊಂದು ಲೋಕಲ್ ಹಿಡಿದು ಈಶಾನ್ಯಕ್ಕೆ ಹೋಗಬೇಕು. ನಕ್ಷೆಯಲ್ಲಿ ಎರಡು ಊರುಗಳು ಒಂದರ ಪಕ್ಕ ಒಂದಿವೆ. ಆದರೆ ರೈಲಿನ ದಾರಿ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಆ ಅಕ್ಷರದ ತುದಿಯಲ್ಲಿರುವುದು ದಾದರ್.

ಮುಂಬಯಿಯಲ್ಲಿ ಬಹುಕಾಲ ಇದ್ದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ‘ದಾದರಿನಲ್ಲಿ ಚೇಂಜ್ ಮಾಡಿ’ ಎನ್ನುವುದು ಈ ನಗರದಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಹೊಸದಾಗಿ ಬಂದವರು ಮಾತ್ರ ಕೇಳುತ್ತಾರೆ: ಎರಡೂ ರೈಲುಗಳು ಭಾರತೀಯ ರೈಲ್ವೆಯವೇ, ಹಳಿಗಳ ಅಗಲವೂ ಒಂದೇ, ನಿಲ್ದಾಣದ ಹೆಸರೂ ಒಂದೇ. ಹಾಗಿದ್ದ ಮೇಲೆ ಇಲ್ಲಿ ಇಳಿದು ಹತ್ತುವುದು ಏಕೆ? ಪ್ರಶ್ನೆ ಸರಳವಾದದ್ದೇ. ಉತ್ತರಕ್ಕೆ ಮಾತ್ರ ನೂರೈವತ್ತು ವರ್ಷಗಳಿಗೂ ಹಿಂದೆ ಹೋಗಬೇಕು.

ಎರಡು ಕಂಪನಿಗಳು, ಎರಡು ದಿಕ್ಕುಗಳು

1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿ ಬಂದರಿನಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟಿತು. ಹದಿನಾಲ್ಕು ಬೋಗಿಗಳು, ಸುಮಾರು 400 ಅತಿಥಿಗಳು, ಎಳೆಯಲು ಮೂರು ಉಗಿಯಂತ್ರಗಳು, ದಾರಿ 34 ಕಿಲೋಮೀಟರ್. ಅದನ್ನು ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿಐಪಿ ಎಂಬ ಖಾಸಗಿ ಕಂಪನಿ. ಅದರ ಕಣ್ಣು ಠಾಣೆಯ ಮೇಲಿರಲಿಲ್ಲ. ಘಟ್ಟ ಹತ್ತಿ ದಖ್ಖನದ ಹತ್ತಿಯನ್ನು ಬಂದರಿಗೆ ತರಬೇಕಿತ್ತು. ಹಾಗಾಗಿ ಅದರ ಹಳಿ ಬೊಂಬಾಯಿ ದ್ವೀಪದ ನಡುವೆ ಹಾದು, ಸಾಯನ್ ಬಳಿ ದ್ವೀಪ ಬಿಟ್ಟು ಈಶಾನ್ಯಕ್ಕೆ ತಿರುಗಿತು.

ಎರಡನೆಯ ಕಂಪನಿ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಜನ ಅದನ್ನು ಬಿಬಿಸಿಐ ಎನ್ನುತ್ತಿದ್ದರು. ಅದು ಬಂದದ್ದು ಗುಜರಾತಿನ ಕಡೆಯಿಂದ. 1864ರಲ್ಲಿ ಅದರ ಹಳಿ ಉತ್ತರದಿಂದ ಇಳಿದು ಗ್ರಾಂಟ್ ರೋಡ್ ತಲುಪಿತು. ಮಾಹಿಮ್ ಖಾರಿಯನ್ನು ದಾಟಿ ದ್ವೀಪದ ಪಶ್ಚಿಮ ಭಾಗದಲ್ಲಿ ಅದು ಸಾಗಿತು. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್ ಬೇಗೆ ದಿನಕ್ಕೊಂದು ರೈಲು ಶುರುವಾಯಿತು. ಆಗಿನ ನಿಲ್ದಾಣಗಳ ಪಟ್ಟಿಯಲ್ಲಿ ಬಾಂದ್ರಾ, ಮಾಹಿಮ್‌ಗಳ ಜೊತೆ ‘ದಾದರೀ’ ಎಂಬ ಹೆಸರೂ ಇದೆ.

ಬೊಂಬಾಯಿ ದ್ವೀಪ ಉದ್ದಕ್ಕಿದೆ, ಅಗಲ ಕಡಿಮೆ. ಒಂದು ಹಳಿ ಈಶಾನ್ಯಕ್ಕೆ, ಇನ್ನೊಂದು ಉತ್ತರಕ್ಕೆ ಹೋಗಬೇಕಾದರೂ ಇಕ್ಕಟ್ಟಿನ ನೆಲದಲ್ಲಿ ಅವು ಕೆಲವು ಮೈಲು ಒಟ್ಟೊಟ್ಟಿಗೆ ಸಾಗಲೇಬೇಕಾಯಿತು. ಇವತ್ತಿನ ನಿಲ್ದಾಣಗಳ ಹೆಸರುಗಳಲ್ಲೇ ಆ ಜೋಡಿ ನಡಿಗೆ ಕಾಣುತ್ತದೆ. ಕರಿ ರೋಡ್ ಪಕ್ಕ ಲೋವರ್ ಪರೇಲ್, ಪರೇಲ್ ಪಕ್ಕ ಮೊದಲು ಎಲ್ಫಿನ್‌ಸ್ಟನ್ ರೋಡ್ ಎಂದಿದ್ದ ಪ್ರಭಾದೇವಿ, ಮಾಟುಂಗಾ ಇದ್ದಲ್ಲಿಂದ ಸ್ವಲ್ಪ ದೂರಕ್ಕೆ ಮಾಟುಂಗಾ ರೋಡ್. ಒಂದು ಕಂಪನಿಯ ನಿಲ್ದಾಣಕ್ಕೆ ಒಂದು ಹೆಸರು, ಪಕ್ಕದ ಕಂಪನಿಯದಕ್ಕೆ ಬೇರೆ ಹೆಸರು. ದಾದರಿನಲ್ಲಿ ಮಾತ್ರ ಎರಡೂ ಪಕ್ಕಪಕ್ಕದಲ್ಲೇ ನಿಂತು ಒಂದೇ ಹೆಸರು ಇಟ್ಟುಕೊಂಡವು. ಅಲ್ಲಿಂದ ಮುಂದೆ ದಾರಿಗಳು ಬೇರೆಯಾದವು.

ಅಂದರೆ ದಾದರನ್ನು ರೈಲು ಬದಲಿಸುವ ಸ್ಥಳವೆಂದು ಯಾರೂ ಯೋಜಿಸಿ ಕಟ್ಟಲಿಲ್ಲ. ಎರಡು ಕಂಪನಿಗಳು ತಮ್ಮ ತಮ್ಮ ಕೆಲಸಕ್ಕೆ ಹೋಗುವಾಗ ಒಂದು ಕಡೆ ಭುಜ ತಾಗಿದವು. ಆ ತಾಗಿದ ಜಾಗವನ್ನು ದಾಟುದಾರಿ ಮಾಡಿಕೊಂಡವರು ಜನ.

ದಾದರ್ ಎಂದರೆ ಮರಾಠಿಯಲ್ಲಿ ಮೆಟ್ಟಿಲು, ಏಣಿ. ಊರಿಗೆ ಈ ಹೆಸರು ಹೇಗೆ ಬಂತು ಎಂಬುದಕ್ಕೆ ಜನ ಕೊಡುವ ವಿವರಣೆ ಇದೇ: ಇದು ಬೊಂಬಾಯಿಗೆ ಹತ್ತುವ ಮೆಟ್ಟಿಲು. ರೈಲು ಬರುವುದಕ್ಕೆ ಮೊದಲೇ ಇದ್ದ ಹೆಸರು ರೈಲು ಬಂದ ಮೇಲೆ ಅಕ್ಷರಶಃ ನಿಜವಾಯಿತು.

ಪ್ಲೇಗಿನಿಂದ ಬಂದ ಬಡಾವಣೆ, ವಿದ್ಯುತ್ತಿನಿಂದ ಬಂದ ಜನ

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ದಾದರ್ ನಗರದ ಹೊರಗಿನ ಊರು. ಅಲ್ಲಿ ತೆಂಗಿನ ತೋಟ, ಗದ್ದೆ, ಕಡಲ ಬದಿಯಲ್ಲಿ ಮೀನುಗಾರರ ಕೇರಿಗಳಿದ್ದವು. ಅದನ್ನು ನಗರದೊಳಕ್ಕೆ ತಂದದ್ದು ಒಂದು ರೋಗ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಮಾಂಡವಿಯಂಥ ಕಿಕ್ಕಿರಿದ ಕೇರಿಗಳಲ್ಲಿ ಜನ ಸತ್ತರು, ಬದುಕಿದವರು ನಗರ ಬಿಟ್ಟು ಓಡಿದರು. ಗಾಳಿ ಬೆಳಕಿಲ್ಲದ ಮನೆಗಳೇ ಇದಕ್ಕೆ ಕಾರಣವೆಂದುಕೊಂಡ ಸರಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಟ್ರಸ್ಟು ಕೈಗೆತ್ತಿಕೊಂಡ ಯೋಜನೆಗಳಲ್ಲಿ ದಾದರ್–ಮಾಟುಂಗಾ ಬಡಾವಣೆ ದೊಡ್ಡದು. ಅಗಲ ರಸ್ತೆಗಳು, ಎತ್ತರಕ್ಕೆ ಮಿತಿ ಇದ್ದ ಮನೆಗಳು, ನಡುವೆ ಐದು ಉದ್ಯಾನಗಳು. ಪೂರ್ವ ದಾದರಿನ ಹಿಂದೂ ಕಾಲನಿ, ಪಾರ್ಸಿ ಕಾಲನಿಗಳು ಹೀಗೆ ಮೂಡಿದವು. ಪಶ್ಚಿಮದಲ್ಲಿ 1925ರಲ್ಲಿ ಒಂದು ದೊಡ್ಡ ಮೈದಾನ ಜನರಿಗೆ ತೆರೆಯಿತು. ಮೊದಲು ಮಾಹಿಮ್ ಪಾರ್ಕ್ ಎಂದಿದ್ದ ಅದರ ಹೆಸರು ಎರಡು ವರ್ಷಗಳ ನಂತರ ಶಿವಾಜಿ ಪಾರ್ಕ್ ಆಯಿತು.

ಇದೇ ವರ್ಷಗಳಲ್ಲಿ ರೈಲೂ ಬದಲಾಯಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಜಿಐಪಿಯ ಮೊದಲ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಬಿಬಿಸಿಐಯೂ ಬೊರಿವಲಿಯವರೆಗೆ ವಿದ್ಯುತ್ ರೈಲು ಆರಂಭಿಸಿತು. ಉಗಿಯಂತ್ರಕ್ಕೆ ವೇಗ ಹಿಡಿಯಲು ಹೊತ್ತು ಬೇಕು. ವಿದ್ಯುತ್ ರೈಲು ಬೇಗ ನಿಲ್ಲುತ್ತದೆ, ಬೇಗ ಹೊರಡುತ್ತದೆ, ಕೊನೆಯ ನಿಲ್ದಾಣದಲ್ಲಿ ಎಂಜಿನ್ ತಿರುಗಿಸುವ ಕೆಲಸವಿಲ್ಲ. ಹೀಗಾಗಿ ಕೆಲವೇ ನಿಮಿಷಕ್ಕೊಂದು ರೈಲು ಬಿಡುವುದು ಸಾಧ್ಯವಾಯಿತು. ಉಪನಗರದಲ್ಲಿ ಮನೆ, ಕೋಟೆಯಲ್ಲಿ ಕಚೇರಿ ಎಂಬ ಬದುಕು ಗುಮಾಸ್ತರಿಗೂ ಕೈಗೆಟುಕಿತು. ಫಾಸ್ಟ್ ಲೋಕಲ್ ಹಲವು ನಿಲ್ದಾಣಗಳನ್ನು ಬಿಟ್ಟು ಓಡಬಲ್ಲದು, ದಾದರನ್ನು ಬಿಟ್ಟು ಓಡುವಂತಿಲ್ಲ. ಪಕ್ಕದ ಕಂಪನಿಯ ರೈಲು ಹಿಡಿಯುವವರೆಲ್ಲ ಅಲ್ಲೇ ಇಳಿಯುವವರು.

ಗೋಡೆ ಕಬ್ಬಿಣದ್ದಲ್ಲ

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ ರೈಲು ಬದಲಿಸುವುದೆಂದರೆ ಇನ್ನೊಂದು ಊರು ನೆನಪಾಗುತ್ತದೆ, ಅದು ಮೀರಜ. ಈ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದವು. ನೌಕರಿಗೆ, ಓದಿಗೆ, ಕೋರ್ಟಿಗೆ ಎಲ್ಲದಕ್ಕೂ ಬೊಂಬಾಯಿ ಬೇಕು. ಆದರೆ ಆ ಕಡೆಯ ಹಳಿ ಮೀಟರ್ ಗೇಜ್, ಬೊಂಬಾಯಿಯದು ಬ್ರಾಡ್ ಗೇಜ್. ಒಂದರ ಬೋಗಿ ಇನ್ನೊಂದರ ಮೇಲೆ ಓಡಲಾರದು. ಆದ್ದರಿಂದ ಮೊದಲು ಪುಣೆಯಲ್ಲಿ, ಬ್ರಾಡ್ ಗೇಜ್ ದಕ್ಷಿಣಕ್ಕೆ ಚಾಚಿದ ಮೇಲೆ ಮೀರಜಿನಲ್ಲಿ, ಟ್ರಂಕು ಹಾಸಿಗೆ ಹೊತ್ತು ಇಳಿದು ಹತ್ತಬೇಕಿತ್ತು. 1990ರ ದಶಕದಲ್ಲಿ ಬೆಂಗಳೂರಿನವರೆಗೂ ಗೇಜ್ ಪರಿವರ್ತನೆ ಮುಗಿದು ಈ ಬದಲಾವಣೆ ತಪ್ಪಿತು. ಮೀರಜಿನ ಗೋಡೆ ಕಬ್ಬಿಣದ್ದು. ಹಳಿ ಕಿತ್ತು ಅಗಲ ಮಾಡಿದಾಗ ಅದು ಬಿತ್ತು.

ದಾದರಿನಲ್ಲಿ ಅಂಥ ಗೋಡೆಯೇ ಇರಲಿಲ್ಲ. ಜಿಐಪಿ, ಬಿಬಿಸಿಐ ಎರಡೂ ಇಲ್ಲಿ ಹಾಕಿದ್ದು ಐದೂವರೆ ಅಡಿಯ ಒಂದೇ ಬ್ರಾಡ್ ಗೇಜ್. ಇಲ್ಲಿದ್ದ ಗೋಡೆ ಒಡೆತನದ್ದು. ಎರಡು ಕಂಪನಿ ಎಂದರೆ ಎರಡು ಸ್ಟೇಷನ್ ಮಾಸ್ತರರು, ಎರಡು ವೇಳಾಪಟ್ಟಿ, ಎರಡು ಟಿಕೆಟ್ ಖಿಡಕಿ.

ಆ ಒಡೆತನವೂ ಹೋಯಿತು. ಜಿಐಪಿಯ ಆಡಳಿತವನ್ನು ಸರಕಾರ 1925ರಲ್ಲಿ ತೆಗೆದುಕೊಂಡಿತು, ಬಿಬಿಸಿಐಯದನ್ನು 1942ರಲ್ಲಿ. ಅಲ್ಲಿಗೆ ದಾದರಿನ ಎರಡೂ ಬದಿಗೆ ಒಬ್ಬನೇ ಯಜಮಾನ. ಸ್ವಾತಂತ್ರ್ಯಾನಂತರ ದೇಶದ ರೈಲುಗಳನ್ನು ವಲಯಗಳಾಗಿ ವಿಂಗಡಿಸುವಾಗ ಮುಂಬಯಿಯ ಲೋಕಲ್ ರೈಲುಗಳನ್ನೆಲ್ಲ ಒಂದೇ ಆಡಳಿತದ ಕೆಳಗೆ ತರಲು ಅವಕಾಶವಿತ್ತು. 1951ರ ನವೆಂಬರ್ 5ರಂದು ಜಿಐಪಿ ಮುಖ್ಯವಾಗಿ ಸೆಂಟ್ರಲ್ ರೈಲ್ವೆಯೊಳಗೆ ಸೇರಿತು. ಅದೇ ದಿನ ಬಿಬಿಸಿಐ ವೆಸ್ಟರ್ನ್ ರೈಲ್ವೆಯೊಳಗೆ ಸೇರಿತು. ಎರಡಕ್ಕೂ ಪ್ರಧಾನ ಕಚೇರಿ ಮುಂಬಯಿಯಲ್ಲೇ, ಒಂದು ವಿ.ಟಿ.ಯಲ್ಲಿ, ಇನ್ನೊಂದು ಚರ್ಚ್‌ಗೇಟಿನಲ್ಲಿ. ಕಂಪನಿಗಳು ಹೋದವು, ಅವು ಎಳೆದ ಗೆರೆ ಉಳಿಯಿತು. ಜನರ ಮಾತಿನಲ್ಲಿ ನಗರವೇ ಎರಡಾಯಿತು: ‘ಸೆಂಟ್ರಲ್‌ನಲ್ಲಿ ಇರ್ತಾರೆ’, ‘ವೆಸ್ಟರ್ನ್‌ನಲ್ಲಿ ಮನೆ ಮಾಡಿದ್ದಾರೆ’.

ಗೆರೆ ಎಷ್ಟು ಗಟ್ಟಿಯಾದದ್ದೆಂಬುದು ಈ ಶತಮಾನದಲ್ಲೂ ಕಂಡಿತು. ಲೋಕಲ್ ರೈಲುಗಳು 1,500 ವೋಲ್ಟಿನ ಡಿಸಿ ವಿದ್ಯುತ್ತಿನಿಂದ 25,000 ವೋಲ್ಟಿನ ಎಸಿಗೆ ಬದಲಾದಾಗ ವೆಸ್ಟರ್ನ್ ಆ ಕೆಲಸವನ್ನು 2012ರಲ್ಲಿ ಮುಗಿಸಿತು, ಸೆಂಟ್ರಲಿನ ಮುಖ್ಯ ಮಾರ್ಗ 2015ರಲ್ಲಿ. ನಡುವಿನ ಮೂರು ವರ್ಷ ದಾದರಿನ ಒಂದು ಬದಿಯ ತಂತಿಯಲ್ಲಿ ಎಸಿ, ಇನ್ನೊಂದು ಬದಿಯ ತಂತಿಯಲ್ಲಿ ಡಿಸಿ ಹರಿಯುತ್ತಿತ್ತು. ಕೆಳಗೆ ನಡೆಯುವವರಿಗೆ ಅದು ಗೊತ್ತೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಯಾವ ಬೋಗಿಯಲ್ಲಿ ಹತ್ತಿದರೆ ಸರಿಯಾಗಿ ಸೇತುವೆಯ ಮೆಟ್ಟಿಲಿನ ಎದುರು ಇಳಿಯಬಹುದು ಎಂಬುದು.

ಸೇತುವೆಯ ಎರಡು ತುದಿಗಳು

ಆಡಳಿತದ ಕಡತದಲ್ಲಿ ದಾದರ್ ಎರಡು. ಊರಿನ ಬದುಕು ಆ ಎರಡನ್ನೂ ಸೇರಿಸಿಯೇ ನಡೆಯುತ್ತದೆ.

ಡಾ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗೆಂದೇ ಕಟ್ಟಿಸಿದ ಮನೆ ‘ರಾಜಗೃಹ’ ಇರುವುದು ದಾದರ್ ಪೂರ್ವದ ಹಿಂದೂ ಕಾಲನಿಯಲ್ಲಿ. 1956ರ ಡಿಸೆಂಬರ್ 6ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ಮರುದಿನ ಅವರ ಅಂತ್ಯಕ್ರಿಯೆ ನಡೆದದ್ದು ದಾದರ್ ಪಶ್ಚಿಮದ ಕಡಲತೀರದಲ್ಲಿ. ಇಂದಿನ ಚೈತ್ಯಭೂಮಿ ಅದೇ. ಮನೆ ಮತ್ತು ಸಮಾಧಿಯ ನಡುವೆ ನಿಲ್ದಾಣವಿದೆ. ಪ್ರತಿ ಡಿಸೆಂಬರ್ 6ಕ್ಕೆ ಲಕ್ಷಾಂತರ ಜನ ಬರುತ್ತಾರೆ. ವಿದರ್ಭ, ಮರಾಠವಾಡಾ ಕಡೆಯ ರೈಲುಗಳು ಸೆಂಟ್ರಲ್ ಹಳಿಯಲ್ಲಿ ಬರುತ್ತವೆ, ಚೈತ್ಯಭೂಮಿ ಇರುವುದು ವೆಸ್ಟರ್ನ್ ಬದಿಯಲ್ಲಿ. ಹೀಗೆ ಬಂದವರು ಮೊದಲು ಸೇತುವೆ ದಾಟುತ್ತಾರೆ.

ಮುಂಬಯಿ ಕನ್ನಡಿಗರ ನಕ್ಷೆಯೂ ಇದೇ ರೀತಿಯದು. ದಾದರಿನಿಂದ ಉತ್ತರಕ್ಕೆ ಒಂದೇ ನಿಲ್ದಾಣ ಮುಂದೆ ಹೋದರೆ ಸೆಂಟ್ರಲಿನಲ್ಲಿ ಮಾಟುಂಗಾ, ವೆಸ್ಟರ್ನಿನಲ್ಲಿ ಮಾಟುಂಗಾ ರೋಡ್. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಪೂರ್ವದ ಮಾಟುಂಗಾದಲ್ಲಿ, ಭಾವುದಾಜಿ ರಸ್ತೆಯಲ್ಲಿದೆ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಪಶ್ಚಿಮದಲ್ಲಿ, ಮಾಟುಂಗಾ ರೋಡಿಗೆ ಹತ್ತಿರ. 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮತ್ತೆ ಪೂರ್ವಕ್ಕೆ, ಮಾಟುಂಗಾ ನಿಲ್ದಾಣದ ಎದುರಿಗೇ. ಒಂದು ಕಡೆ ನಾಟಕ, ಇನ್ನೊಂದು ಕಡೆ ಪುಸ್ತಕ ಬಿಡುಗಡೆ, ಬಾಳೆ ಎಲೆಯ ಊಟ ಹಳಿಯ ಈಚೆಗೆ. ಬೊರಿವಲಿ, ಅಂಧೇರಿ ಕಡೆಯಿಂದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಬರುವವರು ದಾದರಿನಲ್ಲಿ ರೈಲು ಬದಲಿಸುತ್ತಾರೆ, ಇಲ್ಲವೇ ಮಾಟುಂಗಾ ರೋಡಿನಲ್ಲಿ ಇಳಿದು ‘ಝಡ್ ಬ್ರಿಜ್’ ಎಂದು ಕರೆಯುವ ಉದ್ದದ ಪಾದಚಾರಿ ಸೇತುವೆಯ ಮೇಲೆ ನಡೆಯುತ್ತಾರೆ. ಠಾಣೆ, ಡೊಂಬಿವಲಿ ಕಡೆಯವರು ಕರ್ನಾಟಕ ಸಂಘಕ್ಕೆ ಹೋಗುವಾಗ ಅದೇ ದಾರಿಯನ್ನು ಎದುರು ದಿಕ್ಕಿನಿಂದ ದಾಟುತ್ತಾರೆ. ನಗರದ ತುದಿತುದಿಗಳಲ್ಲಿ ಚದುರಿದ ಒಂದು ಭಾಷೆಯ ಜನ ಸಂಜೆ ಒಂದೆಡೆ ಸೇರಿ, ರಾತ್ರಿ ಮನೆ ತಲುಪಲು ಸಾಧ್ಯವಾದದ್ದು ಎರಡೂ ಹಳಿಗಳು ಹತ್ತಿರವಿರುವ ಈ ಜಾಗದಲ್ಲಿ ಮಾತ್ರ.

ಮೆಟ್ಟಿಲ ಅಗಲ

ಜೋಡಿ ನಿಲ್ದಾಣಗಳ ನಡುವಿನ ಸೇತುವೆ ಯಾರದು ಎಂಬುದು ಬರೀ ಕಡತದ ಪ್ರಶ್ನೆಯಲ್ಲ. ದಾದರಿನ ದಕ್ಷಿಣಕ್ಕಿರುವ ಮುಂದಿನ ಜೋಡಿಯಲ್ಲಿ ಅದು ಜೀವದ ಪ್ರಶ್ನೆಯಾಯಿತು.

ಪರೇಲ್, ಲೋವರ್ ಪರೇಲ್ ಸುತ್ತಮುತ್ತ ಒಂದು ಕಾಲಕ್ಕೆ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. ಅಲ್ಲಿನ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಗಿರಣಿಯ ಪಕ್ಕದ ಚಾಳುಗಳಲ್ಲೇ ಇದ್ದರು. ಭೋಂಗಾ ಕೂಗಿದಾಗ ನಡೆದು ಹೋಗುವಷ್ಟು ಹತ್ತಿರ. ಲಕ್ಷಾಂತರ ಜನ ದುಡಿಯುತ್ತಿದ್ದರೂ ನಿಲ್ದಾಣದ ಮೆಟ್ಟಿಲಿಗೆ ಆ ಭಾರವೆಲ್ಲ ಬೀಳುತ್ತಿರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಗೆಲ್ಲಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಂದಿನ ದಶಕಗಳಲ್ಲಿ ಆ ನೆಲದ ಮೇಲೆ ಮಾಲ್‌ಗಳು, ಗಾಜಿನ ಕಚೇರಿಗಳು ಎದ್ದವು. ಈ ಕಚೇರಿಗಳಲ್ಲಿ ದುಡಿಯುವವರ ಮನೆ ಪಕ್ಕದಲ್ಲಿಲ್ಲ. ಅವರು ವಿರಾರ್, ಕಲ್ಯಾಣ್, ಬದ್ಲಾಪುರ ಕಡೆಯಿಂದ ಬರುವವರು. ದುಡಿಯುವ ಜಾಗ ಅದೇ, ಆದರೆ ಅಲ್ಲಿಗೆ ಬರುವ ದಾರಿ ಪೂರ್ತಿ ರೈಲಿನದಾಯಿತು. ಸೇತುವೆ ಮಾತ್ರ ಹಳೆಯದೇ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಕಚೇರಿ ಹೊತ್ತಿಗೆ ಜೋರು ಮಳೆ. ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಸೇರಿಸುವ ಕಿರಿದಾದ ಸೇತುವೆಯ ಮೆಟ್ಟಿಲಿನಲ್ಲಿ ಜನ ಮಳೆ ನಿಲ್ಲಲೆಂದು ನಿಂತರು. ಹಿಂದಿನಿಂದ ರೈಲಿಳಿದವರು ಬರುತ್ತಲೇ ಇದ್ದರು. ಕಾಲ್ತುಳಿತದಲ್ಲಿ 23 ಜನ ಸತ್ತರು. ಅಗಲವಾದ ಇನ್ನೊಂದು ಸೇತುವೆಗೆ ಅದಕ್ಕೆ ಮೊದಲೇ ಮಂಜೂರಾತಿ ಸಿಕ್ಕಿತ್ತು, ಕೆಲಸ ಆಗಿರಲಿಲ್ಲ. ದುರಂತದ ನಂತರ ಸೇನೆಯನ್ನು ಕರೆಸಲಾಯಿತು. 2018ರ ಫೆಬ್ರವರಿಯಲ್ಲಿ ಹೊಸ ಸೇತುವೆ ತೆರೆಯಿತು. ವರ್ಷಗಟ್ಟಲೆ ಆಗದ್ದು ಕೆಲವೇ ತಿಂಗಳಲ್ಲಿ ಆಯಿತು. ಅದೇ ವರ್ಷ ಜುಲೈಯಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಹೆಸರು ಪ್ರಭಾದೇವಿ ಎಂದಾಯಿತು.

ರೈಲು ಹೆಚ್ಚಿಸುವಾಗ ಲೆಕ್ಕ ಹಾಕುವುದು ಬೋಗಿಗಳನ್ನು. ಒಂಬತ್ತು ಬೋಗಿ ಹನ್ನೆರಡಾಯಿತು, ಹದಿನೈದೂ ಆಯಿತು. ಪ್ರತಿ ಬೋಗಿಯಿಂದ ಇಳಿದವರು ಮಾತ್ರ ಕೊನೆಗೆ ಬರುವುದು ಅದೇ ಮೆಟ್ಟಿಲಿಗೆ. ರೈಲು ಬದಲಿಸುವ ನಿಲ್ದಾಣದ ನಿಜವಾದ ಅಳತೆ ಪ್ಲಾಟ್‌ಫಾರ್ಮಿನ ಉದ್ದವಲ್ಲ, ಮೆಟ್ಟಿಲ ಅಗಲ. ಆ ಅಗಲ ಎರಡು ಆಡಳಿತಗಳ ನಡುವಿನ ಗಡಿಯಲ್ಲೇ ಬರುವುದರಿಂದ ಇಬ್ಬರ ಕಣ್ಣಿಗೂ ಕೊನೆಗೆ ಬೀಳುತ್ತದೆ.

ಒಂದರಿಂದ ಹದಿನಾಲ್ಕು

ದಾದರಿನಲ್ಲಿ ಬಹುಕಾಲ ಎರಡು ಒಂದನೇ ಪ್ಲಾಟ್‌ಫಾರ್ಮ್‌ಗಳಿದ್ದವು. ವೆಸ್ಟರ್ನಿನದು ಒಂದು, ಸೆಂಟ್ರಲಿನದು ಇನ್ನೊಂದು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ‘ನಾಲ್ಕನೇ ನಂಬರಿಗೆ ಬನ್ನಿ’ ಎಂದು ಫೋನಿನಲ್ಲಿ ಹೇಳಿದವರು ಒಂದು ನಾಲ್ಕರಲ್ಲಿ, ಕೇಳಿಸಿಕೊಂಡವರು ಇನ್ನೊಂದು ನಾಲ್ಕರಲ್ಲಿ ಕಾಯುವುದು ಸುಲಭವಾಗಿತ್ತು.

2023ರ ಸೆಪ್ಟೆಂಬರಿನಲ್ಲಿ ಸೆಂಟ್ರಲ್ ಬದಿಯ ಎರಡನೇ ಪ್ಲಾಟ್‌ಫಾರ್ಮನ್ನು ಮುಚ್ಚಿ, ಆ ಜಾಗದಲ್ಲಿ ಒಂದನೆಯದನ್ನು ಅಗಲಗೊಳಿಸುವ ಕೆಲಸ ಶುರುವಾಯಿತು. ಡಿಸೆಂಬರಿನಲ್ಲಿ ಸಂಖ್ಯೆಗಳೇ ಬದಲಾದವು. ವೆಸ್ಟರ್ನಿನ ಒಂದರಿಂದ ಏಳು ಹಾಗೆಯೇ ಉಳಿದವು. ಸೆಂಟ್ರಲಿನ ಒಂದನೆಯದು ಎಂಟಾಯಿತು, ಮುಂದಿನವು ಕ್ರಮವಾಗಿ ಹದಿನಾಲ್ಕರವರೆಗೆ. ಬದಲಾದದ್ದು ಕೆಲವು ಬೋರ್ಡುಗಳು ಮತ್ತು ಧ್ವನಿವರ್ಧಕದ ಪ್ರಕಟಣೆ ಮಾತ್ರ. ಆದರೆ ಎರಡೂ ಬದಿಗಳನ್ನು ಒಂದೇ ನಿಲ್ದಾಣವೆಂದು ಎಣಿಸಿದ್ದು ಅದೇ ಮೊದಲು. ಸೇತುವೆ ದಾಟುವವರು ಎಂದೋ ಒಪ್ಪಿಕೊಂಡಿದ್ದ ಸಂಗತಿಯನ್ನು ಬೋರ್ಡುಗಳು ಒಪ್ಪಿಕೊಂಡದ್ದು ಆಗ.

ಅಷ್ಟು ಹೊತ್ತಿಗೆ ಮೂರನೆಯವರೂ ಬರುತ್ತಿದ್ದರು. 2025ರ ಮೇ ತಿಂಗಳಲ್ಲಿ ನೆಲದಡಿಯ ಮೆಟ್ರೊ 3ರ ದಾದರ್ ನಿಲ್ದಾಣ ಪಶ್ಚಿಮದಲ್ಲಿ ತೆರೆಯಿತು. ಅದರ ಆಡಳಿತ ಬೇರೆ, ಅದಕ್ಕೆ ಪ್ರತ್ಯೇಕ ಪ್ರವೇಶದ್ವಾರ. ಲೋಕಲ್‌ನಿಂದ ಮೆಟ್ರೊಗೆ ಹೋಗುವವರು ದಾದರಿನ ಕಿಕ್ಕಿರಿದ ರಸ್ತೆಗಳಲ್ಲಿ ನಡೆದೇ ಹೋಗಬೇಕು. ಹಳೆಯ ಪಾಠ ಹೊಸಬರಿಗೂ ಕಾದಿದೆ: ಹಳಿ ಹಾಕುವವರು ತಮ್ಮ ಹಳಿಯನ್ನು ನೋಡುತ್ತಾರೆ, ಎರಡು ಹಳಿಗಳ ನಡುವಿನ ನಡಿಗೆಯನ್ನೂ ಯಾರಾದರೂ ನೋಡಬೇಕು.

ಕರ್ನಾಟಕದ ಕಡೆ ಹೊರಡುವ ಕೆಲವು ರೈಲುಗಳ ಮೊದಲ ನಿಲ್ದಾಣವೂ ದಾದರ್. ವಾರದ ಬೇರೆ ಬೇರೆ ದಿನಗಳ ರಾತ್ರಿ ಚಾಲುಕ್ಯ ಎಕ್ಸ್‌ಪ್ರೆಸ್ಸೋ ಶರಾವತಿ ಎಕ್ಸ್‌ಪ್ರೆಸ್ಸೋ ಸೆಂಟ್ರಲ್ ಬದಿಯಿಂದ ಹೊರಟು ಪುಣೆ, ಮೀರಜ, ಬೆಳಗಾವಿ, ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಮೀರಜಿನಲ್ಲಿ ಈಗ ಯಾರೂ ಟ್ರಂಕು ಹೊತ್ತು ಇಳಿಯುವುದಿಲ್ಲ. ಆದರೆ ಬೊರಿವಲಿ, ಮಲಾಡ್, ಅಂಧೇರಿ ಕಡೆಯ ಕನ್ನಡಿಗರು ಲೋಕಲ್‌ನಿಂದ ಇಳಿದು, ಬ್ಯಾಗು ಹೆಗಲಿಗೇರಿಸಿ, ಮಕ್ಕಳ ಕೈ ಹಿಡಿದು ದಾದರಿನ ಸೇತುವೆ ಹತ್ತುತ್ತಾರೆ. ಊರಿನ ದಾರಿ ಅವರಿಗೆ ಶುರುವಾಗುವುದು ಆ ಮೆಟ್ಟಿಲಿನಿಂದ.